ನೆಲ ಡೊಂಕಿರುವುದೂ ಉಂಟು

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯಷ್ಟು ಮಕ್ಕಳ ಮೇಲೆ ಪ್ರಯೋಗವಾದ ಗಾದೆ ನಮ್ಮಲ್ಲಿ ಇನ್ನೊಂದು ಇರಲಾರದು. ಕೈವಾರದ ಮುಳ್ಳು ಸಡಿಲವಾಗಿದೆ ಎಂದವನಿಗೂ ಅದೇ ಉತ್ತರ, ತಕ್ಕಡಿಯ ತಟ್ಟೆಗಳು ಸಮವಾಗಿಲ್ಲ ಎಂದವಳಿಗೂ ಅದೇ ಉತ್ತರ. ಗಾದೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಹೇಳುವವರು ಒಮ್ಮೆಯಾದರೂ ಬಗ್ಗಿ ನೆಲವನ್ನು ನೋಡುವುದಿಲ್ಲ ಎಂಬುದು ನನ್ನ ತಕರಾರು. ಈ ಬಾರಿ ಬರೆಯುತ್ತಿರುವುದು ಅಂತಹ ಒಂದು ಡೊಂಕು ನೆಲದ ಬಗ್ಗೆ. ಹಳೆಯ ವಿಡಿಯೋ ಗೇಮುಗಳನ್ನು ಕಂಪ್ಯೂಟರಿನಲ್ಲಿ ಆಡುವಾಗ ಕೈಯಲ್ಲಿ ಹಿಡಿಯುವ ಕೋಲು, ಅಂದರೆ ಜಾಯ್‌ಸ್ಟಿಕ್, ಎಂತಹುದಿರಬೇಕು ಎಂಬುದೇ ವಿಷಯ. ನಿವೃತ್ತ ಮಾಷ್ಟ್ರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೊನೆಯವರೆಗೆ ಓದಿದರೆ ಇದು ಮಾಷ್ಟ್ರ ಕೆಲಸವೇ ಎಂಬುದು ತಿಳಿಯುತ್ತದೆ.

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ನಮ್ಮ ತೋಡಾರಿಗೆ ಬಂಧುಗಳೊಬ್ಬರು ಬಂದಿದ್ದರು. ಅವರು ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತವರೂ ಹೌದು. ಜೊತೆಯಲ್ಲಿ ಹತ್ತು ವರ್ಷದ ಮಗ. ತಾನು ಬಾಲ್ಯದಲ್ಲಿ ಮಂಗಳೂರಿನ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಪ್ಯಾಕ್‌-ಮ್ಯಾನ್ ಆಟವನ್ನು ಮಗನಿಗೂ ತೋರಿಸಬೇಕೆಂದು ಅಪ್ಪ ಲ್ಯಾಪ್‌ಟಾಪಿನಲ್ಲಿ ಅದನ್ನು ತುಂಬಿಸಿ, ದುಬಾರಿಯ ಹೊಸ ಅನಲಾಗ್ ಕೋಲಿನ ಪ್ಯಾಡ್ ಒಂದನ್ನೂ ತಂದಿದ್ದರು. ಹುಡುಗ ಎರಡು ತಿರುವು ದಾಟುವುದರೊಳಗೆ ಭೂತದ ಬಾಯಿಗೆ ಬೀಳುತ್ತಿದ್ದ. “ನಿನ್ನ ಪ್ರಾಯದಲ್ಲಿ ನಾನು ಒಂದು ನಾಣ್ಯಕ್ಕೆ ಎಷ್ಟು ಹೊತ್ತು ಆಡುತ್ತಿದ್ದೆ ಗೊತ್ತುಂಟಾ? ನಿನಗೆ ಕೈಯೇ ತಿರುಗುವುದಿಲ್ಲ” ಎಂದು ಅಪ್ಪ. “ಅಪ್ಪಾ, ನಾನು ಮೇಲಕ್ಕೇ ಒತ್ತಿದ್ದು. ಅದೇ ಹೋಗುವುದಿಲ್ಲ” ಎಂದು ಮಗ. ಕೂಡಲೇ ಚಾವಡಿಯಲ್ಲಿದ್ದ ಹಿರಿಯರೊಬ್ಬರ ಬಾಯಿಂದ ಮೇಲಿನ ಗಾದೆ ಬಂತು. ಎಲ್ಲರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ.

ಹುಡುಗ ಹೇಳಿದ್ದು ಅಕ್ಷರಶಃ ಸತ್ಯ ಎಂಬುದೇ ನನ್ನ ವಾದ. ಆ ಆಟಕ್ಕೆ ಆ ಕೋಲು ಸಲ್ಲದು. ‘ಹೊಸತು, ದುಬಾರಿ, ಹೆಚ್ಚು ಸೂಕ್ಷ್ಮ, ಆದ್ದರಿಂದ ಉತ್ತಮ’ ಎಂಬ ತರ್ಕ ಇಂದು ವಿದ್ಯಾವಂತರ ಮನೆಗಳಲ್ಲೇ ಹೆಚ್ಚಾಗಿ ಕೇಳಿಬರುತ್ತಿದೆ. ಅದು ತರ್ಕವಲ್ಲ, ಅಂಗಡಿಯವರ ಮಾತು. ಹೇಗೆಂದು ವಿವರಿಸುತ್ತೇನೆ.

ಮೊದಲು, ಈ ಆಟಗಳನ್ನು ಆಡದ ಬಂಧುಗಳಿಗಾಗಿ ಎರಡು ಮಾತು. 1970ರ ದಶಕದಿಂದ 1990ರ ದಶಕದವರೆಗೆ ಪೇಟೆಗಳಲ್ಲಿ ಗೋದ್ರೇಜ್ ಕಪಾಟಿನಷ್ಟು ಎತ್ತರದ ಆಟದ ಯಂತ್ರಗಳಿದ್ದವು. ನಾಣ್ಯ ಹಾಕಿದರೆ ಒಂದು ಸಲದ ಆಟ. ಒಂದೊಂದು ಆಟಕ್ಕೂ ಅದರದೇ ಆದ ವಿದ್ಯುನ್ಮಾನ ಹಲಗೆ, ಅದರದೇ ಆದ ಕೋಲು ಮತ್ತು ಗುಂಡಿಗಳು. ಆ ಯಂತ್ರಗಳು ಗುಜರಿಗೆ ಹೋದ ಮೇಲೆ, 1997ರ ಫೆಬ್ರವರಿಯಲ್ಲಿ, ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು ‘ಮೇಮ್’ ಎಂಬ ತಂತ್ರಾಂಶವನ್ನು ಹೊರತಂದರು. ಹಳೆಯ ಯಂತ್ರದ ಒಳಗಿನ ಚಿಪ್ಪುಗಳು ಮಾಡುತ್ತಿದ್ದ ಕೆಲಸವನ್ನು ಅದು ಸಾಧಾರಣ ಕಂಪ್ಯೂಟರಿನಲ್ಲಿ ಹಾಗೆಯೇ ಅನುಕರಿಸುತ್ತದೆ. ಮುಂದೆ ಅನೇಕರು ಕೈಜೋಡಿಸಿ, ಇಂದು ಸಾವಿರಾರು ಆಟಗಳು ಹೀಗೆ ಮರುಜೀವ ಪಡೆದಿವೆ. ಚಿತ್ರ ಅದೇ, ಸದ್ದು ಅದೇ, ಭೂತಗಳ ನಡೆಯೂ ಅದೇ. ಆದರೆ ಯಂತ್ರದ ಮೇಲೆ ಬೋಲ್ಟು ಹಾಕಿ ಕೂರಿಸಿದ್ದ ಕೋಲನ್ನು ಯಾವ ತಂತ್ರಾಂಶವೂ ತಂದುಕೊಡಲಾರದು. ಅದನ್ನು ನಾವೇ ಆಯ್ದುಕೊಳ್ಳಬೇಕು. ತಪ್ಪುವುದು ಅಲ್ಲಿಯೇ.

ಕೋಲುಗಳಲ್ಲಿ ಎರಡು ಜಾತಿ. ಡಿಜಿಟಲ್ ಕೋಲಿನ ಬುಡದಲ್ಲಿ ನಾಲ್ಕು ಸ್ವಿಚ್ಚುಗಳಿರುತ್ತವೆ: ಮೇಲೆ, ಕೆಳಗೆ, ಎಡ, ಬಲ. ಕೋಲು ವಾಲಿದ ಕಡೆಯ ಸ್ವಿಚ್ಚು ಮುಚ್ಚುತ್ತದೆ. ತೋಟದ ಪಂಪಿನ ಸ್ಟಾರ್ಟರಿನಂತೆ, ಒತ್ತಿದರೆ ಉಂಟು, ಬಿಟ್ಟರೆ ಇಲ್ಲ. ಅನಲಾಗ್ ಕೋಲಿನ ಬುಡದಲ್ಲಿ ರೇಡಿಯೋದ ಧ್ವನಿ ತಿರುಗಿಸುವ ಕಿವಿಯಂತಹ ಎರಡು ಪೊಟೆನ್ಶಿಯೊಮೀಟರುಗಳು. ಒಂದು ಅಡ್ಡಕ್ಕೆ, ಒಂದು ನೀಟಕ್ಕೆ. ಪ್ರಯೋಗಶಾಲೆಯಲ್ಲಿ ರಿಯೋಸ್ಟಾಟ್ ಜರುಗಿಸಿದ್ದು ನಿಮಗೆ ನೆನಪಿರಬೇಕು, ತತ್ತ್ವ ಅದೇ. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ ಜಾಯ್‌ಸ್ಟಿಕ್ ಕಾರ್ಡು ಈ ರೋಧವನ್ನು ಅಳೆಯುತ್ತಿದ್ದ ಬಗೆ ಸೊಗಸಾದುದು. ಕೋಲಿನ ರೋಧದ ಮೂಲಕ ಕೆಪಾಸಿಟರ್ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಎಣಿಸುವುದು, ಅಷ್ಟೆ. ರೋಧ ಸೊನ್ನೆಯಾದರೆ ಸುಮಾರು 24 ಮೈಕ್ರೋಸೆಕೆಂಡು, 1 ಲಕ್ಷ ಓಮ್ ಆದರೆ ಸುಮಾರು 1,124 ಮೈಕ್ರೋಸೆಕೆಂಡು. ಕೋಲು ಎಷ್ಟು ವಾಲಿದೆ ಎಂಬುದು ಹೀಗೆ ಕಾಲದ ಲೆಕ್ಕವಾಗಿ ಕಂಪ್ಯೂಟರಿಗೆ ತಿಳಿಯುತ್ತಿತ್ತು. ಇಂದಿನ ಪ್ಯಾಡುಗಳಲ್ಲಿ ಅಳೆಯುವ ವಿಧಾನ ಬದಲಾಗಿದೆ, ಕೆಲವದರಲ್ಲಿ ಪೊಟೆನ್ಶಿಯೊಮೀಟರಿನ ಬದಲು ಅಯಸ್ಕಾಂತವೂ ಇದೆ. ‘ಎಷ್ಟು ವಾಲಿದೆ’ ಎಂಬ ಮಾಹಿತಿ ಮಾತ್ರ ಅದೇ.

ನಮ್ಮ ಊರಿನ ಆಟಗಳಲ್ಲೇ ಈ ಭೇದವುಂಟು. ಆಟಿಯ ಮಳೆಗಾಲದಲ್ಲಿ ಚಾವಡಿಯಲ್ಲಿ ಕುಳಿತು ಆಡುವ ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿಗಳು. ಕಾಯಿ ಈ ಗುಳಿಯಲ್ಲಿರಬೇಕು ಇಲ್ಲವೇ ಮುಂದಿನ ಗುಳಿಯಲ್ಲಿ. ಎರಡರ ನಡುವೆ ಕಾಯಿಗೆ ಸ್ಥಾನವಿಲ್ಲ. ಕುಟ್ಟಿದೊಣ್ಣೆಯಲ್ಲಾದರೋ ಏಟಿನ ಬಲ ಎಷ್ಟು, ಓರೆ ಎಷ್ಟು ಎಂಬುದೇ ಆಟ. ಚೆನ್ನೆಮಣೆಯನ್ನು ದೊಣ್ಣೆ ಹಿಡಿದು ಆಡುವವರಿಲ್ಲ. ಹಾಗೆಂದು ದೊಣ್ಣೆ ಕೀಳೆಂದಾಗಲಿ ಚೆನ್ನೆಮಣೆ ಕೀಳೆಂದಾಗಲಿ ಯಾರೂ ಹೇಳುವುದಿಲ್ಲ.

ಈಗ ಪ್ಯಾಕ್‌-ಮ್ಯಾನಿಗೆ ಬರೋಣ. ಜಪಾನಿನ ನಾಮ್ಕೋ ಕಂಪೆನಿಯಲ್ಲಿ ತೋರು ಇವಾತಾನಿ ರೂಪಿಸಿ 1980ರಲ್ಲಿ ಬಂದ ಈ ಆಟದ ಯಂತ್ರದ ಮೇಲಿದ್ದದ್ದು ನಾಲ್ಕು ದಿಕ್ಕಿನ ಕೋಲು. ಆಟ ಸೆಕೆಂಡಿಗೆ ಸುಮಾರು 60 ಬಾರಿ ಕೋಲನ್ನು ಕೇಳುತ್ತದೆ: ಯಾವ ಕಡೆ? ಅದಕ್ಕೆ ಬೇಕಾದ ಉತ್ತರಗಳು ಐದೇ ಐದು: ಮೇಲೆ, ಕೆಳಗೆ, ಎಡ, ಬಲ, ಯಾವುದೂ ಇಲ್ಲ. ಎಷ್ಟು ವಾಲಿದೆ ಎಂದು ಅದು ಕೇಳುವುದೇ ಇಲ್ಲ. ಕೇಳಿದರೆ ಉತ್ತರ ಇಟ್ಟುಕೊಳ್ಳಲು ಅದರಲ್ಲಿ ಜಾಗವೂ ಇಲ್ಲ. ಅನಲಾಗ್ ಕೋಲು ಒಂದೊಂದು ಅಕ್ಷಕ್ಕೆ 256 ಮೆಟ್ಟಿಲು ಕೊಡುತ್ತದೆಂದು ಇಟ್ಟುಕೊಳ್ಳಿ. 256ನ್ನು 256ರಿಂದ ಗುಣಿಸಿದರೆ 65,536. ಐದು ಉತ್ತರ ಬೇಕಾದಲ್ಲಿ 65,536 ಉತ್ತರಗಳು! ಉಳಿದವನ್ನೆಲ್ಲ ಯಾರಾದರೂ ಆ ಐದರೊಳಗೆ ತುರುಕಬೇಕಲ್ಲ?

ಆ ಕೆಲಸವನ್ನು ಮೇಮ್ ತಂತ್ರಾಂಶ ಮಾಡುತ್ತದೆ. ಕೋಲಿನ ಸಂಚಾರಕ್ಷೇತ್ರವನ್ನು ಅದು ಉದ್ದಗಲ ಒಂಬತ್ತರಂತೆ 81 ಚೌಕಗಳಾಗಿ ಹಂಚಿ, ಒಂದೊಂದು ಚೌಕಕ್ಕೂ ಒಂದು ದಿಕ್ಕನ್ನು ಬರೆದಿಟ್ಟುಕೊಳ್ಳುತ್ತದೆ. ನಡುವಿನ ಚೌಕಗಳಿಗೆ ‘ಯಾವ ದಿಕ್ಕೂ ಇಲ್ಲ’. ನಾಲ್ಕು ದಿಕ್ಕಿನ ಆಟಗಳಲ್ಲಿ ತೊಡಕಿರುವುದು ಮೂಲೆಗಳಿಗೆ, ಅಂದರೆ ಈಶಾನ್ಯ, ಆಗ್ನೇಯ ಮೊದಲಾದ ವಿದಿಕ್ಕುಗಳಿಗೆ. ಅಲ್ಲಿ ಮೇಲೆ ಎನ್ನಬೇಕೋ ಬಲ ಎನ್ನಬೇಕೋ ಎಂಬುದು ತೀರ್ಮಾನವಾಗದು. ಆದ್ದರಿಂದ ಮೂಲೆಯ ಕೆಲವು ಚೌಕಗಳಿಗೆ ‘ಹಿಂದಿನ ದಿಕ್ಕನ್ನೇ ಮುಂದುವರಿಸು’ ಎಂದು ಬರೆಯುವ ಏರ್ಪಾಡಿದೆ. ತಂತ್ರಾಂಶ ಬರೆದವರು ಬುದ್ಧಿವಂತರು, ಇದಕ್ಕಿಂತ ಒಳ್ಳೆಯ ಉಪಾಯ ನನಗೂ ತೋಚುವುದಿಲ್ಲ. ಆದರೆ ಪರಿಣಾಮವನ್ನು ನೋಡಿ. ಬಲಕ್ಕೆ ಓಡುತ್ತಿರುವಾಗ ಹುಡುಗ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತುತ್ತಾನೆ. ಬೆರಳು ಬಲದಿಂದ ಮೇಲಕ್ಕೆ ಹೊರಳುವಾಗ ಈಶಾನ್ಯವನ್ನು ಹಾದೇ ಹೋಗಬೇಕು. ಕೋಲು ಅಲ್ಲಿ ಅರೆಗಳಿಗೆ ನಿಂತರೂ ತಂತ್ರಾಂಶ ‘ಬಲ’ ಎಂದೇ ಹೇಳುತ್ತದೆ. ಅಷ್ಟರಲ್ಲಿ ತಿರುವು ದಾಟಿಹೋಯಿತು. ಹುಡುಗ ಹೇಳಿದ್ದು ಇದನ್ನೇ: ಮೇಲಕ್ಕೆ ಒತ್ತಿದೆ, ಅದು ಹೋಗುವುದಿಲ್ಲ.

ಪರೀಕ್ಷೆಗೆ ಹೆಚ್ಚು ಖರ್ಚು ಬೇಕಾಗಲಿಲ್ಲ. ಅದೇ ಪ್ಯಾಡಿನ ಎಡಬದಿಯಲ್ಲಿ ಕೂಡುವ ಚಿಹ್ನೆಯ ಆಕಾರದ ಗುಂಡಿಯೊಂದಿತ್ತು. ಅದರ ಅಡಿಯಲ್ಲಿರುವುದು ನಾಲ್ಕು ಸ್ವಿಚ್ಚುಗಳೇ. ಕೋಲು ಬಿಟ್ಟು ಇದನ್ನು ಒತ್ತು ಎಂದೆ. ಅದೇ ಹುಡುಗ, ಅದೇ ಕೈ, ಅದೇ ಆಟ. ಮೂರನೆಯ ಸರದಿಯಲ್ಲಿ ಮೊದಲ ಹಂತ ಮುಗಿಸಿದ.

ಇದು ಒಬ್ಬ ಹುಡುಗನ ಅನುಭವ, ಇದರಿಂದ ಸಿದ್ಧಾಂತ ಕಟ್ಟಬಹುದೇ ಎಂದು ನನ್ನ ಇಂಜಿನಿಯರ್ ಶಿಷ್ಯರು ಕೇಳಿಯಾರು. ಕೇಳಬೇಕು. ಹಾಗಾದರೆ ದೊಡ್ಡ ಪ್ರಮಾಣದಲ್ಲಿ ನಡೆದುಹೋದ ಪ್ರಯೋಗವನ್ನೇ ನೋಡಿ. ಅಮೆರಿಕದ ಅಟಾರಿ ಕಂಪೆನಿ 1977ರಲ್ಲಿ ಮನೆಯ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯೊಂದನ್ನು ತಂದಿತು. ಮುಂದೆ ಅದಕ್ಕೆ 2600 ಎಂಬ ಹೆಸರಾಯಿತು. ಅದರ ಕೋಲಿಗೆ ನಾಲ್ಕು ದಿಕ್ಕಿನ ಸ್ವಿಚ್ಚುಗಳು, ಜೊತೆಗೆ ಒಂದೇ ಒಂದು ಗುಂಡಿ. 1982ರಲ್ಲಿ ಅದೇ ಕಂಪೆನಿ ಅದಕ್ಕಿಂತ ಶಕ್ತಿಶಾಲಿಯಾದ 5200 ಎಂಬ ಪೆಟ್ಟಿಗೆಯನ್ನು ತಂದಾಗ ಅನಲಾಗ್ ಕೋಲನ್ನು ಕೊಟ್ಟಿತು. ಕೈ ಬಿಟ್ಟರೂ ಆ ಕೋಲು ತಾನಾಗಿ ನಡುವಿಗೆ ಮರಳುತ್ತಿರಲಿಲ್ಲ. ಚಿತ್ರ ಮೊದಲಿಗಿಂತ ಚೆನ್ನಾಗಿತ್ತು. ಆದರೆ ಪ್ಯಾಕ್‌-ಮ್ಯಾನಿನಂತಹ ಆಟಗಳನ್ನು ಆ ಕೋಲಿನಲ್ಲಿ ಆಡುವುದು ಕಷ್ಟವೆಂಬ ದೂರು ಆ ಪೆಟ್ಟಿಗೆಯ ಹೆಸರಿಗೆ ಇಂದಿಗೂ ಅಂಟಿಕೊಂಡಿದೆ. 1984ರಲ್ಲಿ ಅದರ ತಯಾರಿಕೆಯೂ ನಿಂತಿತು. ನಿಂತದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಕೋಲಿನ ಮೇಲೆ ಹೊರಿಸಲಾರೆ. ಆದರೆ ಹೊಸತು, ಸೂಕ್ಷ್ಮ, ದುಬಾರಿ ಎಂಬ ಮೂರು ಗುಣಗಳಿದ್ದೂ ಉಪಕರಣವೊಂದು ಆಟಕ್ಕೆ ಒಗ್ಗದೆ ಹೋಗಬಹುದೆಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಅದೇ 1982ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿಯ ಗುನ್‌ಪೇ ಯೊಕೊಯಿ ಎಂಬವರು ಅಂಗೈಯಗಲದ ಡಾಂಕಿ ಕಾಂಗ್ ಆಟಕ್ಕಾಗಿ ಕೂಡುವ ಚಿಹ್ನೆಯ ಗುಂಡಿಯನ್ನು ರೂಪಿಸಿದರು. 1990ರ ದಶಕದಲ್ಲಿ ಕೊಲ್ಲಿ ದೇಶಗಳಿಂದ ಬರುವವರ ಪೆಟ್ಟಿಗೆಯಲ್ಲಿ, ಪೇಟೆಯ ಇಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನಮ್ಮೂರಿಗೆ ಬಂದ ಟಿ.ವಿ. ಗೇಮುಗಳ ಪ್ಯಾಡಿನ ಮೇಲಿದ್ದದ್ದು ಅದೇ ಗುಂಡಿಯ ನಕಲು. ಈಗ ನಲವತ್ತು ದಾಟಿರುವ ನನ್ನ ಶಿಷ್ಯರಲ್ಲಿ ಬಹುಮಂದಿಯ ಕೈಚಳಕ ರೂಢಿಯಾದದ್ದು ಸ್ವಿಚ್ಚಿನ ಮೇಲೆ. ಅವರೇ ಇಂದು ತಮ್ಮ ಮಕ್ಕಳ ಕೈಗೆ ಬೇರೆ ಜಾತಿಯ ಕೋಲು ಕೊಟ್ಟು ತಮ್ಮ ಅಂದಿನ ಅಂಕಗಳೊಡನೆ ಹೋಲಿಸುತ್ತಾರೆ. ಪ್ರಶ್ನೆಪತ್ರಿಕೆ ಒಂದೇ ಆದರೂ ಒಬ್ಬನಿಗೆ ಪೆನ್ನು, ಇನ್ನೊಬ್ಬನಿಗೆ ಕುಂಚ ಕೊಟ್ಟು ಪರೀಕ್ಷೆ ನಡೆಸಿದ ಹಾಗಾಯಿತು.

ಎದುರು ಪಕ್ಷದ ವಾದಗಳನ್ನೂ ನೋಡಬೇಕು. ಮೊದಲನೆಯದು: ಅನಲಾಗ್ ಕೋಲು ಹೆಚ್ಚು ಮಾಹಿತಿ ಕೊಡುತ್ತದೆ, ಹೆಚ್ಚು ಕೊಡುವುದು ಕಡಿಮೆ ಕೊಡುವುದನ್ನೂ ಒಳಗೊಂಡಿದೆಯಲ್ಲವೇ? ಗಣಿತದಲ್ಲಿ ಹೌದು, ಕೈಯಲ್ಲಿ ಅಲ್ಲ. ಸ್ವಿಚ್ಚು ಮುಚ್ಚಿದ್ದು ಬೆರಳಿಗೆ ‘ಕಟ್’ ಎಂದು ತಿಳಿಯುತ್ತದೆ. ಅನಲಾಗ್ ಕೋಲಿನಲ್ಲಿ ಗೆರೆ ದಾಟಿದ್ದು ತಂತ್ರಾಂಶಕ್ಕೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಅಡಿಕೆ ತೋಟದ ಬೇಲಿ ಅಳೆಯಲು ಯಾರೂ ಸ್ಕ್ರೂಗೇಜ್ ಒಯ್ಯುವುದಿಲ್ಲ, ಅದು ಎಷ್ಟೇ ಸೂಕ್ಷ್ಮವಾಗಿರಲಿ.

ಎರಡನೆಯ ವಾದ ಗಟ್ಟಿಯಾದುದು: ಹಳೆಯ ಯಂತ್ರಗಳಲ್ಲೂ ಅನಲಾಗ್ ಇತ್ತಲ್ಲ? ಇತ್ತು. 1972ರ ಪಾಂಗ್ ಆಟದಲ್ಲಿದ್ದುದು ತಿರುಗಿಸುವ ಕಿವಿ. 1983ರ ಸ್ಟಾರ್ ವಾರ್ಸ್ ಯಂತ್ರಕ್ಕೆ ವಿಮಾನದ ಚುಕ್ಕಾಣಿಯಂತಹ ಹಿಡಿ. ಸೆಗಾ ಕಂಪೆನಿಯ 1986ರ ಔಟ್‌ ರನ್‌ಗೆ ಕಾರಿನ ಸ್ಟಿಯರಿಂಗ್, 1987ರ ಆಫ್ಟರ್ ಬರ್ನರ್‌ಗೆ ಅನಲಾಗ್ ಕೋಲು. ಈ ಆಟಗಳು ‘ಎಷ್ಟು’ ಎಂದು ಕೇಳುತ್ತವೆ. ಅವನ್ನು ಸ್ವಿಚ್ಚಿನಲ್ಲಿ ಆಡಿಸುವುದು ಮೊದಲಿನಷ್ಟೇ ದೊಡ್ಡ ಅನ್ಯಾಯ. ಗುಂಡಿಯಿಂದ ಕಾರು ಓಡಿಸಿದರೆ ಅದು ಅಂಬೆಗಾಲಿನ ಮಗುವಿನಂತೆ ಗೋಡೆಯಿಂದ ಗೋಡೆಗೆ ಹೋಗುತ್ತದೆ. ಇನ್ನು 1980ರ ಮಿಸೈಲ್ ಕಮಾಂಡ್‌ಗೆ ಇದ್ದದ್ದು ಅಂಗೈಯಲ್ಲಿ ಉರುಳಿಸುವ ಚೆಂಡು. ಅದಕ್ಕೆ ಎರಡು ಕೋಲುಗಳೂ ಬೇಡ, ಮೌಸ್ ಸಾಕು. 1996ರ ಬಳಿಕ ಬಂದ ಮೂರು ಆಯಾಮಗಳ ಆಟಗಳಲ್ಲಿ ಸ್ವಲ್ಪ ವಾಲಿಸಿದರೆ ನಡಿಗೆ, ಪೂರ್ತಿ ವಾಲಿಸಿದರೆ ಓಟ. ಅಲ್ಲಿ ಅನಲಾಗ್ ಕೋಲಿಗೆ ಸಮನಿಲ್ಲ. ನನ್ನ ವಾದಕ್ಕೆ ಇದರಿಂದ ಬಲವೇ ಬರುತ್ತದೆ. ಆಟ ಏನು ಕೇಳುತ್ತದೆಂದು ಮೊದಲು ತಿಳಿಯಬೇಕು. ಕೋಲಿನ ಮಾತು ಅನಂತರ. ಅನುಕರಿಸಿ ಆಡುವ ಹಳೆಯ ಆಟಗಳಲ್ಲಿ ಬಹುಪಾಲು ‘ಯಾವ ಕಡೆ’ ಎಂದಷ್ಟೇ ಕೇಳುವುದರಿಂದ, ಒಂದೇ ಕೋಲು ಕೊಳ್ಳುವುದಾದರೆ ಡಿಜಿಟಲನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಜಿಟಲ್ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದಲ್ಲ. 1981ರ ಗ್ಯಾಲಗಾಕ್ಕೆ ಎಡ-ಬಲ ಎರಡೇ ದಿಕ್ಕು. ಅದೇ ವರ್ಷದ ಡಾಂಕಿ ಕಾಂಗ್‌ಗೆ ನಾಲ್ಕು. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಎಂಟೂ ಬೇಕು; ಬೆಂಕಿಯ ಚೆಂಡು ಹೊರಡಿಸಲು ಕೆಳಗೆ, ಮುಂದಿನ ಕೆಳಮೂಲೆ, ಮುಂದೆ ಎಂಬ ಕ್ರಮ ತಪ್ಪದೆ ಕೋಲು ಹೊರಳಬೇಕು, ಒಡನೆಯೇ ಗುದ್ದಿನ ಗುಂಡಿ ಒತ್ತಬೇಕು. ಎಂಟು ದಿಕ್ಕಿನ ಕೋಲಿನಲ್ಲಿ ಮೂಲೆಗೆ ಹೋದರೆ ಎರಡು ಸ್ವಿಚ್ಚುಗಳು ಒಟ್ಟಿಗೆ ಮುಚ್ಚುತ್ತವೆ. ನಾಲ್ಕು ದಿಕ್ಕಿನ ಆಟಕ್ಕೆ ಅದೂ ಗೊಂದಲವೇ. ಆದ್ದರಿಂದ ಒಳ್ಳೆಯ ಕೋಲುಗಳ ಬುಡದಲ್ಲಿ ಸಂಚಾರವನ್ನು ತಡೆಯುವ ತಟ್ಟೆಯೊಂದಿರುತ್ತದೆ. ಕೆಲವು ಕೋಲುಗಳಲ್ಲಿ ಅದನ್ನು 45 ಡಿಗ್ರಿ ತಿರುಗಿಸಿ ಕೂರಿಸಿದರೆ ಮೂಲೆಗಳು ಮುಚ್ಚಿ ನಾಲ್ಕೇ ದಿಕ್ಕು ಉಳಿಯುತ್ತದೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದು. ದೀಪ ಎಷ್ಟು ಬಣ್ಣದಲ್ಲಿ ಮಿನುಗುತ್ತದೆ ಎಂಬುದಲ್ಲ.

ಕೈಯ ಉಪಕರಣವನ್ನು ಕೆಲಸದ ಸ್ವಭಾವ ನೋಡಿ ರೂಪಿಸಬೇಕೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಇಂದು ನಾವು ಕನ್ನಡ ಟೈಪು ಮಾಡುವ ಕೀಲಿಮಣೆಯ ವಿನ್ಯಾಸ ಕಿನ್ನಿಕಂಬಳದ ಕೆ. ಪಿ. ರಾಯರದು. ಒತ್ತಕ್ಷರ, ಕಾಗುಣಿತಗಳ ಚಿತ್ರಗಳಿಗೆಲ್ಲ ಒಂದೊಂದು ಕೀಲಿ ಕೇಳುತ್ತ ಕೂರದೆ, ಕನ್ನಡದ ಅಕ್ಷರ ಹೇಗೆ ಕಟ್ಟಲ್ಪಡುತ್ತದೆ ಎಂದು ನೋಡಿ, ಸ್ವರ ವ್ಯಂಜನಗಳ ಉಚ್ಚಾರದ ಕ್ರಮದಲ್ಲೇ ಒತ್ತುವ ವಿಧಾನವನ್ನು ಅವರು ಹಿಡಿದರು. ಇಂಗ್ಲಿಷಿಗೆಂದು ಮಾಡಿದ ಸಾಮಾನ್ಯ ಕೀಲಿಮಣೆಯೇ ಕನ್ನಡಕ್ಕೂ ಸಾಕಾಯಿತು. ಭಾಷೆ ಏನು ಕೇಳುತ್ತದೆಂದು ಮೊದಲು ಕೇಳಿಸಿಕೊಂಡವರಿಗೆ ಮಾತ್ರ ಹೊಳೆಯುವ ದಾರಿ ಅದು.

ಹಾಗಾದರೆ ಮಾಡಬೇಕಾದದ್ದೇನು? ಹಣ ಖರ್ಚು ಮಾಡುವ ಮೊದಲು ಮನೆಯಲ್ಲಿರುವುದನ್ನೇ ಪರೀಕ್ಷಿಸಿ. ಪ್ಯಾಡಿನಲ್ಲಿ ಕೂಡುವ ಚಿಹ್ನೆಯ ಗುಂಡಿ ಇದ್ದೇ ಇರುತ್ತದೆ. ಮೇಮ್‌ನಲ್ಲಿ ಟ್ಯಾಬ್ ಕೀಲಿ ಒತ್ತಿದರೆ ತೆರೆಯುವ ಪಟ್ಟಿಯಲ್ಲಿ ದಿಕ್ಕುಗಳನ್ನು ಆ ಗುಂಡಿಗೆ ಜೋಡಿಸಬಹುದು. ಗುಂಡಿ ಸಡಿಲವಾಗಿದ್ದು ಪಕ್ಕದ ದಿಕ್ಕನ್ನೂ ಒತ್ತುತ್ತಿದ್ದರೆ ಕೀಲಿಮಣೆಯ ಬಾಣದ ಕೀಲಿಗಳನ್ನು ಬಳಸಿ, ಅವೂ ಸ್ವಿಚ್ಚುಗಳೇ. ಕೆಲವು ಅಗ್ಗದ ಕೀಲಿಮಣೆಗಳಲ್ಲಿ ಮೂರು ಕೀಲಿ ಒಟ್ಟಿಗೆ ಒತ್ತಿದಾಗ ಒಂದು ದಾಖಲಾಗುವುದಿಲ್ಲ. ಆಗ ಬೇರೆ ಕೀಲಿಗಳನ್ನು ಆಯ್ದುಕೊಂಡರಾಯಿತು. ಇಷ್ಟಾದ ಮೇಲೂ ಆಸೆ ಉಳಿದರೆ, ತಟ್ಟೆ ತಿರುಗಿಸಲು ಬರುವ ಸ್ವಿಚ್ಚಿನ ಕೋಲೊಂದನ್ನು ಕೊಳ್ಳಿ. ಕಾರು, ವಿಮಾನಗಳ ಆಟಕ್ಕೆ ಅನಲಾಗ್ ಕೋಲು ಪ್ಯಾಡಿನಲ್ಲಿ ಹೇಗೂ ಇದೆ.

ಆಟದ ಮಾತು ಇಲ್ಲಿಗೆ ಮುಗಿಯಿತು. ಆದರೆ ನಾನು ಇಷ್ಟು ಬರೆದದ್ದು ಆಟಕ್ಕಾಗಿ ಮಾತ್ರ ಅಲ್ಲ. ತರಗತಿಯಲ್ಲಿ ಕಳೆದ ವರ್ಷಗಳಲ್ಲಿ ನಾನು ಕಂಡ ಒಂದು ಸಂಗತಿಯಿದೆ. ಉಪಕರಣ ಕೆಟ್ಟಾಗ ದೊಡ್ಡವರು ಉಪಕರಣವನ್ನು ದೂರುತ್ತಾರೆ, ಅಂಗಡಿಗೆ ಹಿಂದಿರುಗಿಸುತ್ತಾರೆ. ಮಕ್ಕಳಿಗೆ ಆ ಧೈರ್ಯವಿಲ್ಲ. ಅಪ್ಪ ದುಬಾರಿ ಹಣ ಕೊಟ್ಟು ತಂದ ವಸ್ತು ತಪ್ಪಿರಲಾರದು, ಹಾಗಾದರೆ ತಪ್ಪಿರುವುದು ನಾನೇ ಎಂದು ಅವು ಮೌನವಾಗಿ ನಂಬಿಬಿಡುತ್ತವೆ. ಹತ್ತು ವರ್ಷದಲ್ಲಿ ‘ನಿನಗೆ ಕೈ ತಿರುಗುವುದಿಲ್ಲ’ ಎಂಬ ಮಾತನ್ನು ನಂಬಿದ ಮಗು ಮುಂದೆ ಕೈವಾರ ಹಿಡಿಯುವಾಗಲೂ, ಮದ್ದಳೆ ಕಲಿಯಲು ಕೂರುವಾಗಲೂ ಅದನ್ನೇ ನಂಬುತ್ತದೆ. ಪ್ಯಾಡಿನ ಬೆಲೆಗಿಂತ ಈ ನಷ್ಟ ದೊಡ್ಡದು, ಇದನ್ನು ಯಾವ ಅಂಗಡಿಯವನೂ ಹಿಂದಕ್ಕೆ ಪಡೆಯುವುದಿಲ್ಲ.

ಆದ್ದರಿಂದ ಪ್ರಿಯ ಶಿಷ್ಯರೇ, ಬಂಧುಗಳೇ, ಮಗುವೊಂದು ‘ಇದು ಸರಿಯಿಲ್ಲ’ ಎಂದಾಗ ಉತ್ತರ ಕೊಡುವ ಮೊದಲು ಆ ವಸ್ತುವನ್ನು ಕೈಗೆತ್ತಿಕೊಂಡು ಹತ್ತು ನಿಮಿಷ ನೀವೇ ಬಳಸಿ ನೋಡಿ. ಮಗು ಹೇಳಿದ್ದು ತಪ್ಪಾಗಿದ್ದರೆ ತಿದ್ದಬಹುದು, ನಷ್ಟವೇನಿಲ್ಲ. ಸರಿಯಾಗಿದ್ದರೆ, ಎಲ್ಲರೆದುರು ಗಟ್ಟಿಯಾಗಿ ಹಾಗೆಂದು ಹೇಳಿ. ಮಕ್ಕಳು ವಿಜ್ಞಾನ ಕಲಿಯುವುದು ಪಾಠಪುಸ್ತಕದಿಂದ ಸ್ವಲ್ಪ, ತಾವು ಗಮನಿಸಿದ್ದನ್ನು ದೊಡ್ಡವರು ಒಪ್ಪಿಕೊಂಡ ಇಂತಹ ಗಳಿಗೆಗಳಿಂದ ಬಹಳ.